ದಸ್ತಗೀರಸಾಬ ಮತ್ತು ಬ್ಯಾಂಕಾಕಿನ ಫೋಟೋ

ದಸ್ತಗೀರಸಾಬ ಹುಬ್ಬಳ್ಳಿ ದಾಟಿ ಆಚೆಗೆ ಹೋದವನಲ್ಲ. ಆದರೆ ದುಬೈ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸಿಮ್ ಕೊಡುವ ಕೌಂಟರ್ ಎಡಕ್ಕೋ ಬಲಕ್ಕೋ ಎಂಬುದನ್ನು ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ತನ್ನ ಪುಟ್ಟ ಅಂಗಡಿಯಲ್ಲಿ ಕುಂತು, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. “ಇಳದ ಕೂಡಲೆ ಗಡಿಬಿಡಿ ಮಾಡಬ್ಯಾಡ್ರಿ. ಬ್ಯಾಗ್ ತಗೊಳ್ರಿ, ಬಾಗಲಾ ದಾಟ್ರಿ, ಬಲಕ್ಕ ನೋಡ್ರಿ. ಒಬ್ಬಾಕಿ ಕೆಂಪು ಕೋಟ್ ಹಾಕ್ಕೊಂಡು ನಿಂತಿರ್ತಾಳ.” ಹೋಗಿ ಬಂದವರು ಖರೇ ಅಂತಿದ್ದರು. ಒಂದು ಸಲ ಮಾತ್ರ ಕೋಟು ನೀಲಿ ಇತ್ತಂತೆ. ಆತ ಅದನ್ನೂ ಬರೆದುಕೊಂಡ.

ಬರೆದುಕೊಳ್ಳಲು ಇನ್ನೂರು ಪುಟದ ಒಂದು ನೋಟುಬುಕ್ಕು ಇತ್ತು. ತೊಂಬತ್ತರ ದಶಕದಲ್ಲಿ ಆತನದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು. ಆಮೇಲೆ ಝೆರಾಕ್ಸ್ ಬಂತು, ಪಾಸ್‌ಪೋರ್ಟ್ ಫೋಟೋ ಬಂತು, ಮೊಬೈಲ್ ರಿಪೇರಿ ಬಂತು, ಒಂದು ಕಂಪ್ಯೂಟರ್ ಬಂದು ಇಂಟರ್‌ನೆಟ್ಟೂ ಬಂತು. ಬಾಜೂಕ್ಕೇ ನನ್ನ ಸಿಮೆಂಟ್ ಅಂಗಡಿ. ಹಜ್‌ಗೆ ಹೋಗುವವರು, ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗುವವರು, ಸಿಂಗಾಪುರ ನೋಡಲು ಹೊರಟವರು ಎಲ್ಲರೂ ಮೊದಲು ಆತನ ಕಡೆ ಬರುತ್ತಿದ್ದರು. ಯಾವ ದೇಶಕ್ಕೆ ಯಾವ ಸಿಮ್, ಇಂಟರ್‌ನೆಟ್ ಚಾಲೂ ಆಗಲು ಮೊಬೈಲಿನೊಳಗೆ ಯಾವ ಅಕ್ಷರ ತುಂಬಬೇಕು, ಎಲ್ಲ ಆ ನೋಟುಬುಕ್ಕಿನಲ್ಲಿ ಇತ್ತು.

ಹೋದವರಿಗೆ ಆತನ ಕಟ್ಟಪ್ಪಣೆ ಒಂದೇ. ತಿರುಗಿ ಬಂದ ಮೇಲೆ ಅಲ್ಲಿಯ ಸಿಮ್ ತಂದು ತೋರಿಸಬೇಕು, ಅಲ್ಲೇನು ನಡೆಯಿತು ಎಂದು ಕುಂತು ಹೇಳಬೇಕು. ಕಿತ್ತೂರಿನ ಮಾಸ್ತರರೊಬ್ಬರು ದುಬೈಯಿಂದ ಬರುವಾಗ ಸಿಮ್ಮನ್ನು ಅಲ್ಲೇ ಕಸದ ಡಬ್ಬಿಗೆ ಒಗೆದು ಬಂದರು. ದಸ್ತಗೀರ ಅವರೊಡನೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. “ಓದಿದವರು ಹಿಂಗ ಮಾಡಿದ್ರ ಹೆಂಗ್ರಿ” ಎಂದು ನನ್ನ ಮುಂದೆ ಹಲುಬಿದ್ದೇ ಹಲುಬಿದ್ದು.

ಕಲಿಸುವ ರೀತಿಯೂ ಆತನದೇ. ನನ್ನಂಥವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೆ ಆತ ಒತ್ತುವ ಲೆಕ್ಕ ಕಲಿಸುತ್ತಿದ್ದ. ಮೊಬೈಲಿನ ನಡುವಿನ ಗುಂಡಿ ಒಂದು ಸಲ, ಕೆಳಗೆ ನಾಲ್ಕು ಸಲ, ಮತ್ತೆ ನಡುವೆ, ಬಲಕ್ಕೆ ಎರಡು. “ಅಕ್ಷರ ನೋಡಬ್ಯಾಡ್ರಿ ಸಾವಕಾರ್ರ, ಎಣಸ್ರಿ. ಕಡ್ಡಿ ಬಂದ್ವು ಅಂದ್ರ ಮುಗೀತು.” ಕಡ್ಡಿ ಅಂದರೆ ಮೊಬೈಲಿನ ಮೂಲೆಯಲ್ಲಿ ಟಾವರ್ ಸಿಕ್ಕಾಗ ಮೂಡುವ ಗೆರೆ. ಮುಪ್ಪಿನವರನ್ನು ಸ್ಟೂಲಿನ ಮೇಲೆ ಕೂರಿಸಿ, ಅವರು ತಪ್ಪಿಲ್ಲದೆ ಮೂರು ಸಲ ಒತ್ತುವ ತನಕ ಎಬ್ಬಿಸುತ್ತಿರಲಿಲ್ಲ.

ಎರಡು ಸಾವಿರದ ಎಂಟರ ಸುಮಾರಿಗೆ ಆ ಸ್ಟೂಲಿನ ಮೇಲೆ ಕೂರುವ ಸರದಿ ನನಗೂ ಬಂತು. ಸಿಮೆಂಟ್ ಕಂಪನಿಯವರು ಚೆನ್ನಾಗಿ ಮಾಲು ಮಾರಿದ ಡೀಲರ್‌ಗಳನ್ನು ಐದು ದಿನ ಬ್ಯಾಂಕಾಕಿಗೆ ಕರೆದೊಯ್ಯುವವರಿದ್ದರು. ಟಿಕೆಟ್ ಒಬ್ಬರಿಗೇ. ಊರೆಲ್ಲ ನನ್ನನ್ನು ಚಾಷ್ಟಿ ಮಾಡಿ ನಕ್ಕಿತು. ನನಗೆ ಮಾತ್ರ ಹೋಗುವ ಮನಸ್ಸೇ ಇರಲಿಲ್ಲ.

ಕಾರಣ ನನ್ನ ಹೆಂಡತಿ ಗೌರಿ. ಆಕೆಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರಲಿಲ್ಲ. ಸಾಲಿಗೆ ಕಳಿಸಲಿಲ್ಲ, ಹಾಗಾಗಿ ಓದೂ ಇಲ್ಲ. ನಾವು ಕೈಯಿಂದ ಮಾತಾಡುತ್ತೇವೆ. ಆ ಕೈಮಾತು ಇಪ್ಪತ್ತು ವರ್ಷದಲ್ಲಿ ನಾವಿಬ್ಬರೇ ಕೂಡಿ ಮಾಡಿಕೊಂಡದ್ದು, ಬೇರೆ ಯಾರಿಗೂ ಬರುವುದಿಲ್ಲ. ನಾನು ಎಲ್ಲೇ ಇರಲಿ, ಮಧ್ಯಾಹ್ನ ಬಂದು ‘ಉಂಡೆ’ ಎಂದು ಬಾಯಿಗೆ ಬೆರಳು ಮುಟ್ಟಿಸಿ ಹೊಟ್ಟೆಯ ಮೇಲೆ ಅಂಗೈ ಸವರುವ ತನಕ ಆಕೆ ತುತ್ತು ಎತ್ತುವವಳಲ್ಲ. ಆಕೆಯ ಅವ್ವ ಕಲಿಸಿದ ಪದ್ಧತಿ ಅದು, ಬಿಡು ಅಂದರೂ ಬಿಟ್ಟಿಲ್ಲ. ಫೋನ್ ಮಾಡಿದರೆ ಆಕೆಗೆ ಕೇಳುವುದಿಲ್ಲ, ಬರೆದರೆ ಓದಲು ಬರುವುದಿಲ್ಲ. ಐದು ದಿನ ಆಕೆ ಉಪವಾಸ ಕೂತರೆ ಏನು ಮಾಡಲಿ?

ಫೋಟೋ ಕಳಿಸುವ ಉಪಾಯ ದಸ್ತಗೀರನದೇ. ಅಲ್ಲಿಯ ಸಿಮ್ ಹಾಕಿ, ಇಂಟರ್‌ನೆಟ್ ಚಾಲೂ ಮಾಡಿ, ದಿನಾ ಒಂದು ಫೋಟೋ ತನ್ನ ಇಮೇಲಿಗೆ ಕಳಿಸಬೇಕು. ಪ್ರಿಂಟ್ ತೆಗೆದು ತಾನೇ ಮನೆಗೆ ಮುಟ್ಟಿಸುತ್ತೇನೆ ಅಂದ. ಆದರೆ ಆ ಫೋಟೋದಲ್ಲಿ ನಾನು ಕೈಮಾಡಿ ಮಾತಾಡುತ್ತೇನೆ ಎಂದು ಆತನಿಗೆ ಹೇಳಲಿಲ್ಲ. ನಾಚಿಕೆ. ಗಂಡ ಹೆಂಡತಿ ಮಾತು, ಹೊರಗಿನವರಿಗೆ ಯಾಕೆ ಅಂದುಕೊಂಡೆ. ನನ್ನ ಸಂಕೋಚಕ್ಕೆ ಬೆಂಕಿ ಬೀಳಲಿ. ಸವದತ್ತಿಯಿಂದ ತಂಗಿಯನ್ನು ಕರೆಸಿ ಗೌರಿಯ ಜೊತೆ ಬಿಟ್ಟು ವಿಮಾನ ಹತ್ತಿದೆ.

ಬ್ಯಾಂಕಾಕಿನಲ್ಲಿ ಇಳಿದು, ಆತ ಹೇಳಿದ ಕಡೆಯೇ ಕೌಂಟರ್ ಹುಡುಕಿ ಸಿಮ್ ತಗೊಂಡೆ. ಹೋಟೆಲಿನ ಮಂಚದ ಮೇಲೆ ಕುಂತು ಎಣಿಸುತ್ತ ಒತ್ತಿದೆ. ಎರಡು ಸಲ ಲೆಕ್ಕ ತಪ್ಪಿತು. ಮೂರನೆಯ ಸಲಕ್ಕೆ ಇಂಟರ್‌ನೆಟ್ ಹತ್ತಿತು. ಜೊತೆಗಿದ್ದ ರಾಮದುರ್ಗದ ಡೀಲರ್ ಫೋಟೋ ತೆಗೆದರು. ಒಂದು ಕೈ ಬಾಯಿಗೆ, ಒಂದು ಕೈ ಹೊಟ್ಟೆಗೆ. ಉಂಡೆ, ನೀನೂ ಉಣ್ಣು. ಫೋಟೋ ಹೋಗಲು ಹತ್ತು ನಿಮಿಷ ಹಿಡಿಯಿತು. ಮರುದಿನವೂ ಅದೇ.

ಮೂರನೆಯ ದಿನ ತಂಗಿಗೆ ಫೋನ್ ಹಚ್ಚಿದರೆ ಆಕೆ ಅಳುತ್ತಿದ್ದಳು. ಗೌರಿ ವೈನಿ ಎರಡು ದಿನದಿಂದ ಚಹಾ ಬಿಟ್ಟು ಏನೂ ಮುಟ್ಟಿಲ್ಲ, ಬಂದ ಫೋಟೋ ಹಿಂದೆ ಮುಂದೆ ತಿರುವಿ ನೋಡುತ್ತಾಳೆ, ಬಾಗಿಲಲ್ಲಿ ಕೂರುತ್ತಾಳೆ ಎಂದಳು. ಕೂಡಲೇ ದಸ್ತಗೀರನಿಗೆ ಹಚ್ಚಿದೆ.

“ಫೋಟೋ ಅಗದಿ ಚೊಲೋ ಬಂದಾವ್ರಿ,” ಅಂದ. “ಪಾಸ್‌ಪೋರ್ಟ್ ಸೈಜ್ ಮಾಡಿ ಎಂಟೆಂಟು ಕಾಪಿ ಕೊಟ್ಟೇನಿ.”

“ಕೈ ಕಾಣಸ್ತಾವನ?”

“ಕೈ ಅಡ್ಡ ಬಂದಿದ್ವು. ಕಟ್ ಮಾಡಿ ತಗದೇನ್ರಿ.”

ಹತ್ತು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದವನ ರೂಢಿ. ಮುಖ ನೆಟ್ಟಗೆ, ಕೈ ಕಾಣಬಾರದು. ಆತನದೇನೂ ತಪ್ಪಿಲ್ಲ. ಆದರೆ ಗೌರಿಗೆ ಕೈಯಿಲ್ಲದ ಗಂಡ ಅಂದರೆ ಮಾತು ಬಿಟ್ಟ ಗಂಡ. ಎಂಟು ಮುಖ, ಒಂದೂ ಮಾತಾಡುವುದಿಲ್ಲ. ನಾನು ತಡವರಿಸುತ್ತ ಎಲ್ಲ ಹೇಳಿದೆ. ಆತ “ಮೊದಲ ಯಾಕ ಹೇಳಲಿಲ್ರಿ” ಎಂದು ಮೆಲ್ಲಗೆ ಕೇಳಿ ಫೋನ್ ಇಟ್ಟ.

ಮುಂದಿನದು ತಂಗಿ ಹೇಳಿದ್ದು. ನಡುಹಗಲಲ್ಲಿ ಅಂಗಡಿ ಮುಚ್ಚಿಕೊಂಡು ಬಂದನಂತೆ. ಇಡೀ ಕಾಗದದ ತುಂಬ ದೊಡ್ಡದಾಗಿ ಪ್ರಿಂಟ್ ಮಾಡಿದ ಫೋಟೋ, ಎರಡೂ ಕೈ ಇದ್ದದ್ದು, ಗೌರಿಯ ಮುಂದೆ ಹಾಸಿದ. ಅವಳು ಅದರ ಮೇಲೆ ಬೆರಳಾಡಿಸುತ್ತಿದ್ದಾಗ ಆತ ಪಡಸಾಲೆಯಲ್ಲಿ ಎದುರಿಗೆ ಕುಂತು, ನನ್ನ ಹಾಗೇ ಬಾಯಿ ಮುಟ್ಟಿ, ಹೊಟ್ಟೆ ಸವರಿ, ಆಮೇಲೆ ಆಕೆಯ ಕಡೆ ಕೈಮಾಡಿದ. ತನ್ನ ಎರಡೂ ಕಿವಿ ಹಿಡಿದುಕೊಂಡ. ಗೌರಿ ನಕ್ಕಳು. ತಾಟು ತರಿಸಿದಳು. ಅವಳು ಉಂಡು ಮುಗಿಸಿ ‘ಉಂಡೆ’ ಎಂದು ಕೈಮಾಡಿದ್ದನ್ನು ಆತ ತನ್ನ ಮೊಬೈಲಿನಲ್ಲಿ ಹಿಡಿದು ನನಗೆ ಕಳಿಸಿದ. ಪರದೇಶದ ಆ ಹೋಟೆಲಿನಲ್ಲಿ ಅದು ತೆರೆದುಕೊಂಡಾಗ ನಾನು ಅತ್ತೆ. ಹೇಳಲು ನಾಚಿಕೆ ಇಲ್ಲ. ಇಪ್ಪತ್ತು ವರ್ಷದಲ್ಲಿ ಆಕೆ ಮೊದಲ ಸಲ ದೂರದಿಂದ ನನ್ನ ಜೊತೆ ಮಾತಾಡಿದ್ದಳು.

ಅಲ್ಲಿಂದ ಮುಂದೆ ದಸ್ತಗೀರ ನಮ್ಮ ಕೈಮಾತು ಕಲಿಯಲು ನಿಂತ. ಸಂತೆ ಮುಗಿಸಿ ಗೌರಿ ಅವನ ಅಂಗಡಿಗೆ ಹೋದರೆ ಅರ್ಧ ತಾಸು ಪಾಠ. ಪುದೀನಾ, ಮಳೆ, ಮುನಿಸು, ಗಿರಾಕಿ, ಒಂದೊಂದಕ್ಕೂ ಒಂದು ಕೈ. ತಪ್ಪಿದರೆ ಆಕೆ ಆತನ ಬೆರಳು ಹಿಡಿದು ತಿದ್ದುತ್ತಿದ್ದಳು. “ವೈನಿ ಭಾಳ ಸ್ಟ್ರಿಕ್ಟ್ ರೀ” ಎಂದು ನನಗೆ ಚಾಡಿ ಹೇಳುತ್ತಿದ್ದ. ಅವರಿಬ್ಬರೂ ನನ್ನ ಕಡೆ ನೋಡಿ ಏನೋ ಆಡಿಕೊಂಡು ನಗುತ್ತಿದ್ದರು. ಕೆಲವು ಕೈ ನನಗೇ ತಿಳಿಯುತ್ತಿರಲಿಲ್ಲ. ಅವರೇ ಹೊಸದಾಗಿ ಮಾಡಿಕೊಂಡವು.

ಮರುವರ್ಷದ ಬೇಸಿಗೆಯಲ್ಲಿ ಆತ ಸೊರಗಿದ. ಕೇಳಿದರೆ, “ಬಿಸಲಿಗೆ ಹಿಂಗಾಗೇತ್ರಿ ಸಾವಕಾರ್ರ” ಅನ್ನುತ್ತಿದ್ದ. ಒಂದು ಬೆಳಿಗ್ಗೆ ಅಂಗಡಿಗೆ ಕೀಲಿ ಹಾಕಿ, “ಹುಬ್ಬಳ್ಳಿಗೆ ಹೋಗಿ ಸಾಮಾನ ತರತೇನಿ, ಅಂಗಡಿ ಕಡೆ ನಿಗಾ ಇರಲಿ” ಎಂದ. ಹೂಂ ಅಂದೆ, ಚೀಲ ಎಣಿಸುವುದರಲ್ಲಿದ್ದೆ, ತಲೆ ಎತ್ತಿ ಸರಿಯಾಗಿ ನೋಡಲೂ ಇಲ್ಲ. ಎಂಟು ದಿನಕ್ಕೆ ಹುಬ್ಬಳ್ಳಿ ದವಾಖಾನೆಯಿಂದ ಸುದ್ದಿ ಬಂತು. ಹೊಟ್ಟೆಯೊಳಗಿನ ಗಡ್ಡೆ, ಆಪರೇಷನ್ ಕೈಕೊಟ್ಟಿತು, ಆತ ಉಳಿಯಲಿಲ್ಲ. ಮನೆಯವರಿಗೂ ಬೇನೆ ಇಷ್ಟು ಜೋರಿದೆ ಎಂದು ಆತ ಹೇಳಿರಲಿಲ್ಲ.

ಗೌರಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಒದ್ದಾಡಿಕೊಂಡು ಮನೆಗೆ ಬಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಆಕೆ ನನ್ನ ಮುಖ ನೋಡಿದಳು. ನಾನು ಕೈ ಎತ್ತುವ ಮೊದಲೇ ತನ್ನ ಹೊಟ್ಟೆ ಮುಟ್ಟಿ, ಅಲ್ಲಿ ಮುಷ್ಟಿ ಹಿಡಿದು ತೋರಿಸಿದಳು. ಗಡ್ಡೆ. ಕಣ್ಣಿಂದ ನೀರು ಇಳಿಯಿತು. ಆಕೆಗೆ ಗೊತ್ತಿತ್ತು. ಯಾವಾಗಿನಿಂದ ಎಂದು ಕೇಳಿದೆ. ಎರಡು ಬೆರಳು ಎತ್ತಿದಳು, ಎರಡು ತಿಂಗಳು. ನನಗ್ಯಾಕೆ ಹೇಳಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ.

ಯಾರಿಗೂ ಹೇಳಬೇಡ ಅಂದಿದ್ದ ಎಂದು ಕೈಮಾಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. ಹುಟ್ಟಿದಾಗಿನಿಂದ ಅಲ್ಲಿಯ ತನಕ ಆಕೆಗೆ ಯಾರೂ ಒಂದು ಗುಟ್ಟು ಹೇಳಿದ್ದಿಲ್ಲ.