‘ಹೂಂ’ ಅಂದವರ ಹೆಸರು

ಸರೋಜಾ ಕಾಕು ಎದುರಿಗೆ ಯಾರೂ ಗುಂಪಿನಲ್ಲಿ ಸೇರಿ ‘ಹೂಂ’ ಅನ್ನುವ ಹಾಗಿರಲಿಲ್ಲ. ಪುಣೆಯ ನಿಗಡಿಯಲ್ಲಿ ನಮ್ಮ ವಸತಿ ಸೊಸೈಟಿಯ ಮೀಟಿಂಗಿನಲ್ಲಿ ಅಧ್ಯಕ್ಷರು ಎಲ್ಲರಿಗೂ ಒಪ್ಪಿಗೆಯೇ ಎಂದು ಮರಾಠಿಯಲ್ಲಿ ಕೇಳಿ, ಹತ್ತಾರು ಗಂಟಲು ಒಟ್ಟಿಗೆ ‘ಹೋ’ ಎಂದ ಕೂಡಲೇ ಹಿಂದಿನ ಸಾಲಿನಿಂದ ಕಾಕು ಎದ್ದು ನಿಲ್ಲುವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮಂಥ ನಾಲ್ಕಾರು ಮನೆಯವರಿಗಾಗಿ ಕನ್ನಡದಲ್ಲಿ, “ಹಂಗಲ್ರಿ. ಯಾರು ಹೂಂ ಅಂದ್ರಿ, ಯಾರು ಒಲ್ಲೆ ಅಂದ್ರಿ, ಒಬ್ಬೊಬ್ಬರ ಕೈ ಎತ್ರಿ. ಹೆಸರು ಬರಕೊಳ್ಳಲಿ,” ಅನ್ನುವರು.

ಒಮ್ಮೆ, ರಾಂಜಣಗಾಂವದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ, ಬಾಡಿಗೆಗಿದ್ದ ಹುಡುಗರ ಕೋಣೆಗೆ ಹೊರಗಿನವರು ಯಾರೂ ಬರಕೂಡದು ಎಂಬ ನಿಯಮಕ್ಕೆ ಎಲ್ಲರೂ ‘ಹೋ’ ಅಂದಿದ್ದೆವು. ಕಾಕು ಹೆಸರು ಕರೆಯತೊಡಗಿದಾಗ ಅರ್ಧ ಕೈಗಳು ತೊಡೆಯ ಮೇಲೇ ಉಳಿದವು. ನಿಯಮ ಬಿದ್ದುಹೋಯಿತು. ತೊಡೆಯ ಮೇಲೆ ಉಳಿದ ಕೈಗಳಲ್ಲಿ ನನ್ನದೂ ಒಂದು. ಕೂಗಿದವರಲ್ಲಿ ನನ್ನ ಗಂಟಲೇ ದೊಡ್ಡದಾಗಿತ್ತು ಅನ್ನುವುದನ್ನು ಯಾಕೆ ಮುಚ್ಚಿಡಲಿ.

ಈ ಹಟ ಅವರಿಗೆ ಅಂಟಿದ್ದು ಮಾರ್ಕೆಟ್ ಯಾರ್ಡಿನಲ್ಲಿ. ಧಾರವಾಡದಿಂದ ಮದುವೆಯಾಗಿ ಬಂದು, ಬೇಗ ಗಂಡನನ್ನು ಕಳೆದುಕೊಂಡು, ಅಲ್ಲಿಯ ಒಂದು ದಲಾಲಿ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರು. ಆಗೆಲ್ಲ ವ್ಯಾಪಾರಿಗಳು ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಮುಗಿಸುತ್ತಿದ್ದರಂತೆ. “ಮಾಲು ತಂದಾವ ಎದುರಿಗೇ ನಿಂತಿರ್ತಿದ್ದ. ಯಾರು ಏನಂದ್ರು ಅವಗ ಗೊತ್ತಾಗ್ತಿದ್ದಿಲ್ಲ,” ಎಂದು ಹೇಳುವಾಗ ಅವರ ಮುಖ ಕೆಂಪಾಗುತ್ತಿತ್ತು.

ನಿವೃತ್ತರಾದ ಮೇಲೆ ಪ್ರತಿ ರವಿವಾರ ಮಧ್ಯಾಹ್ನ ಪಾರ್ಕಿಂಗಿನಲ್ಲಿ ಚಾಪೆ ಹಾಸಿ ಓದಿ ಹೇಳತೊಡಗಿದರು. ಪುರಾಣವಲ್ಲ, ವಿಧಾನಸಭೆಯಲ್ಲಿ ಪಾಸಾದ ಮಸೂದೆಗಳು. ಯಾವ ಕಲಮಿನಿಂದ ಬಾಡಿಗೆಯವನಿಗೆ ಏನು, ಬಂಡಿಯಲ್ಲಿ ತರಕಾರಿ ಮಾರುವವಳಿಗೆ ಏನು ಎಂದು ಬಿಡಿಸಿ ಹೇಳುವರು. ಅಲ್ಲಿಯೂ ಅದೇ ಶಿಸ್ತು. ಬಂದವರೆಲ್ಲ ದಪ್ಪ ರಜಿಸ್ಟರಿನಲ್ಲಿ ಶಾಯಿ ಪೆನ್ನಿನಿಂದ ಪೂರ್ತಿ ಹೆಸರು, ಮನೆ ನಂಬರು, ಮೊಬೈಲು ಬರೆಯಬೇಕು. ಬರೆಯದವರಿಗೆ ಚಾಪೆ ಇಲ್ಲ, ಚಹಾನೂ ಇಲ್ಲ.

ಹೋದ ವರ್ಷ ಒಂದು ಕಾಯ್ದೆ ಪಾಸಾಯಿತು. ಸರಕಾರದ ಬಗ್ಗೆ ಅಸಮಾಧಾನ ಹುಟ್ಟಿಸುವ ಕೂಟ ಎಂದು ಪೊಲೀಸರಿಗೆ ಅನ್ನಿಸಿದರೆ ಸಾಕು, ಕರೆದವರನ್ನು ಜಿಲ್ಲೆಯಿಂದ ಗಡಿಪಾರು ಮಾಡಬಹುದು. ಬಂದವರನ್ನು ಯಾವಾಗ ಬೇಕಾದರೂ ವಿಚಾರಣೆಗೆ ಎಳೆಯಬಹುದು. ಕಾಕು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ನನ್ನನ್ನು ಕರೆದುಕೊಂಡು ನೇರವಾಗಿ ಆಮದಾರರ ಕಚೇರಿಗೆ ನಡೆದರು. ನಮ್ಮ ಕ್ಷೇತ್ರದ ಶಾಸಕರು ಅವರು, ದೊಡ್ಡ ನಗುವಿನ ಮನುಷ್ಯ. ಮಾತೆಲ್ಲ ಮರಾಠಿಯಲ್ಲೇ ನಡೆಯಿತು.

“ಈ ಕಾಯ್ದೆಗೆ ತಾವು ಹೌದು ಅಂದ್ರೋ, ಇಲ್ಲ ಅಂದ್ರೋ?”

“ಕಾಕು, ಅದು ಧ್ವನಿಮತ. ಎಲ್ಲಾರೂ ಒಮ್ಮೆಲೇ ಕೂಗಿದ್ರು, ಸ್ಪೀಕರ್ ಪಾಸ್ ಅಂದ್ರು. ಆ ಗದ್ದಲದಾಗ ಯಾರು ಏನಂದ್ರು ಯಾರಿಗೆ ಗೊತ್ತು?”

“ಗದ್ದಲ ಇರಲಿ. ತಮ್ಮ ಬಾಯಿ ಏನಂತು, ಅದನ್ನ ಹೇಳ್ರಿ.”

ಆಮದಾರರ ನಗು ನಿಂತಿತು. ಬಾಗಿಲಲ್ಲಿದ್ದ ಇಬ್ಬರು ನಮ್ಮ ಹತ್ತಿರ ಬಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಾಕು ಮಾತ್ರ ಉತ್ತರಕ್ಕಾಗಿ ಇನ್ನೂ ಎರಡು ನಿಮಿಷ ನಿಂತೇ ಇದ್ದರು.

ಎಂಟು ದಿನಕ್ಕೆ ಠಾಣೆಯಿಂದ ಕಾಕು ಹೆಸರಿಗೆ ನೋಟಿಸು ಬಂತು. ಮರುದಿನ ಹನ್ನೊಂದಕ್ಕೆ ಹಾಜರಾಗಬೇಕು, ಹಾಜರಿ ರಜಿಸ್ಟರು ತರಬೇಕು. ಅದರಲ್ಲಿ ಪ್ರತಿ ರವಿವಾರ ನನ್ನ ಹೆಸರಿದೆ, ದುಂಡಗೆ. ಕಾರ್ಖಾನೆಯಲ್ಲಿ ನನ್ನದು ಕಂತ್ರಾಟಿನ ಕೆಲಸ. ನವೀಕರಣಕ್ಕೆ ಪೊಲೀಸರಿಂದ ನಡತೆಯ ದಾಖಲೆ ಬೇಕು. ಓಡಿಹೋಗಿ, “ಕಾಕು, ನನ್ನ ಹೆಸರೊಂದು ತೆಗೀರಿ,” ಅಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ‘ಒಂದು’ ಎಂದೇ ಅಂದೆ.

ಅವರು ನನ್ನ ಮುಖ ನೋಡಿದರು. “ನಿಂದೊಂದ ತಗದ್ರ ಉಳಿದವರು ಏನ್ ಪಾಪ ಮಾಡ್ಯಾರ?” ಎಂದು ಎದ್ದು, ರಜಿಸ್ಟರನ್ನು ಬಚ್ಚಲಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಾಳೆ ತಿರುವಿ, ಬಟ್ಟೆ ಸಬಕಾರ ಹಚ್ಚಿ ತಿಕ್ಕಿದರು. ನೀರು ನೀಲಿಯಾಯಿತು, ಅವರ ಕೈ ನೀಲಿಯಾಯಿತು. ನಾನು ಬಾಗಿಲಲ್ಲಿ ನಿಂತು ನನ್ನ ಹೆಸರಿದ್ದ ಹಾಳೆಗಳು ಬರುವುದನ್ನೇ ಕಾಯುತ್ತಿದ್ದೆ.

ಮರುದಿನ ಠಾಣೆಯಲ್ಲಿ ಸಾಹೇಬರು ನೀಲಿ ಕಲೆಯಷ್ಟೇ ಉಳಿದ ರಜಿಸ್ಟರು ತಿರುವಿ, ಬಂದವರ ಹೆಸರು ಕೇಳಿದರಂತೆ. ಕಾಕು ತಮ್ಮದೊಂದನ್ನು ಹೇಳಿ ಬಾಯಿ ಮುಚ್ಚಿಕೊಂಡರಂತೆ. ಸಂಜೆಯ ತನಕ ಕೂಡಿಸಿದರು. ಒಂದು ತಿಂಗಳಿಗೆ ಆದೇಶ ಬಂತು: ಒಂದು ವರ್ಷ ಪುಣೆ ಜಿಲ್ಲೆಯಲ್ಲಿ ಕಾಲಿಡುವಂತಿಲ್ಲ.

ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಧಾರವಾಡದ ಬಸ್ಸಿಗೆ ಅವರ ಚೀಲ ಹೊತ್ತುಕೊಂಡು ಹೋದವನು ನಾನೊಬ್ಬನೇ. ಅವರು ಬಸ್ಸು ಹತ್ತಿದ್ದನ್ನು ಕಣ್ಣಾರೆ ನೋಡಲು ಠಾಣೆಯಿಂದ ಬಂದಿದ್ದ ಪೇದೆ ದೂರದಲ್ಲಿ ಕಂಡಕ್ಟರನ ಜೊತೆ ಮಾತಾಡುತ್ತಿದ್ದ. ಕಾಕು ಕಿಟಕಿಯ ಹತ್ತಿರ ಕೂತು ಮೆಲ್ಲಗೆ ಹೇಳಿದರು: “ತಪ್ಪು ನಂದ, ವಸಂತಾ. ಕಾಯ್ದೆ ಮಾಡೋರ ಹೆಸರು ಬರಸಬೇಕಾಗಿತ್ತು. ಅದು ಆಗಲಿಲ್ಲ. ಅಂಜಿಕೋತ ಕೇಳಲಿಕ್ಕೆ ಬಂದವರ ಹೆಸರು ಬರಸಿ ಇಟ್ಟೆ. ಭಾಳ ದೊಡ್ಡ ತಪ್ಪು.”

ಏನಾದರೂ ಅನ್ನಬೇಕು ಅನ್ನುವಷ್ಟರಲ್ಲಿ ಪೇದೆ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವರಿಗೆ ನೀವು ಏನಾಗಬೇಕು, ನಿಮ್ಮ ಹೆಸರೇನು ಎಂದು ಕೇಳಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕು ಮರಾಠಿಯಲ್ಲಿ ಥಟ್ಟನೆ ಅಂದರು: “ಚೀಲ ಹೊರೋ ಹಮಾಲ ಅವನು. ಹೆಸರು ಗೊತ್ತಿಲ್ಲ.”

ಪೇದೆ ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿದ, ಬೂಟು ನೋಡಿದ. ನಾನೇ ಏನಾದರೂ ಹೇಳಲಿ ಎಂದು ತುಸು ಹೊತ್ತು ಕಾದ. ನಾನು ಚೀಲ ಇಟ್ಟ ಕೈಯನ್ನು ಆ ಅಂಗಿಗೇ ಒರೆಸಿಕೊಂಡೆ.

ಬಸ್ಸು ಹೊರಟಿತು. ಕಾಕು ನನ್ನ ಕಡೆ ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ. ಪರಿಚಯವೇ ಇಲ್ಲದ ಹಮಾಲನಿಗೆ ಯಾರು ಕೈ ಬೀಸುತ್ತಾರೆ?