ಮುಚ್ಚದೆ ಬಿಟ್ಟ ಸಿರ್ಕಾ ಜಾಡಿ

ವಿಜಯಪುರದಲ್ಲಿ ಹಮೀದಾ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಿರ್ಕಾ ಹಮೀದಾ ಅನ್ನಬೇಕು, ಆಗ ಜಟಕಾದವನು ನೇರ ಅವಳ ಬಾಗಿಲಿಗೇ ತಂದು ಬಿಡುತ್ತಿದ್ದ. ನಮ್ಮ ತೋಟದ ದ್ರಾಕ್ಷಿಯಲ್ಲಿ ಒಡೆದದ್ದು, ಉದುರಿದ್ದೆಲ್ಲ ಪಕ್ಕದ ಅವಳ ಮನೆಗೇ ಹೋಗುತ್ತಿತ್ತು. ಅದನ್ನು ಕಿವುಚಿ ಜಾಡಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಹುಳಿ ಬರಿಸುತ್ತಿದ್ದಳು. ಉಪ್ಪಿನಕಾಯಿಗೆ ಹಾಕುವ ಆ ಹುಳಿನೀರೇ ಸಿರ್ಕಾ. ಮೂಗಿನ ಹತ್ತಿರ ಹಿಡಿದರೆ ಕಣ್ಣಲ್ಲಿ ನೀರು ಬರಬೇಕು, ಹಾಗಿರುತ್ತಿತ್ತು ಅವಳದು.

ಅವಳಿಗೆ ಮಕ್ಕಳಾಗಲಿಲ್ಲ. ಗಂಡ ರೇಷ್ಮೆಗೂಡಿನ ವ್ಯಾಪಾರವೆಂದು ಊರೂರು ತಿರುಗುವವನು. ಆ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಸಿರ್ಕಾ ಒಂದೇ. ಬೆಂಗಳೂರು ದಂಡಿನ ಉಪ್ಪಿನಕಾಯಿ ವ್ಯಾಪಾರಿ ನೂರ್ ಅಹಮದ್ ಸಾಹೇಬರು ವರ್ಷಕ್ಕೊಮ್ಮೆ ಬಂದು, ರುಚಿ ನೋಡಿ, ಅಷ್ಟನ್ನೂ ಕೊಂಡೊಯ್ಯುತ್ತಿದ್ದರು. ಆ ದಿನ ಅವಳ ನಡಿಗೆ ನೋಡಬೇಕಿತ್ತು, ಅಬ್ಬಬ್ಬಾ! ಕಾಲು ನೆಲಕ್ಕೇ ತಾಗುತ್ತಿರಲಿಲ್ಲ.

ಯುದ್ಧ ಮುಗಿದ ವರ್ಷ ಅವಳ ಮೈದುನನ ಹೆಂಡತಿಯಾಗಿ ಶಂಶುನ್ನೀಸಾ ಬಂದಳು. ಬೆಳ್ಳಗಿದ್ದಳು, ಮೆದು ಮಾತಿನವಳು, ಹಮೀದಾಳನ್ನು ಬಾಯ್ತುಂಬ ಭಾಬಿ ಅನ್ನುವವಳು, ವರ್ಷ ತಿರುಗುವುದರೊಳಗೆ ಗಂಡುಮಗು ಬೇರೆ. ಅತ್ತೆ ಹಬೀಬುನ್ನೀಸಾ ಬಾಯಿ ತೆರೆದರೆ ಶಂಶು, ಮುಚ್ಚಿದರೆ ಶಂಶು. ಹಮೀದಾ ಅದನ್ನೂ ನುಂಗಿಕೊಂಡಳು. ಆದರೆ ಅತ್ತೆ "ಚಿಕ್ಕೋಳಿಗೂ ಸಿರ್ಕಾ ಕಲಿಸು" ಅಂದಾಗ ಮಾತ್ರ ಅವಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಇಲ್ಲ ಅನ್ನುವಂತಿಲ್ಲ. ಹಾಲಿಗೆ ಹೆಪ್ಪು ಬೇಕಾದಂತೆ ಸಿರ್ಕಾಕ್ಕೆ ಹಳೆ ಜಾಡಿಯ ಸಿರ್ಕಾದ ಮೇಲೆ ಕೆನೆಯಂತೆ ಕಟ್ಟುವ ಪೊರೆ ಬೇಕು. ಅದರಲ್ಲೊಂದು ತುಂಡು ಕೊಟ್ಟು, "ಹುಳಿ ಬಂದ್ಕೂಡ್ಲೆ ಸೋಸು, ಕಂಠಮಟ್ಟ ತುಂಬು, ಮುಚ್ಚಿ ಮೇಣ ಮೆತ್ತು" ಎಂದಳು. ಶಂಶು ಹೇಳಿದ್ದನ್ನು ಹೇಳಿದಂತೆ ಮಾಡಿದಳು. ಮೆತ್ತುವ ಮೊದಲು ಅತ್ತೆ ಒಂದು ತೊಟ್ಟು ನೆಕ್ಕಿ ನೋಡಿ, "ನಿನಗಿಂತ ಒಂದು ಕೈ ಮೇಲೆ, ಹಮೀದಾ" ಅಂದುಬಿಟ್ಟಳು.

ಅವತ್ತೇ ಹಮೀದಾ ನನ್ನ ಹತ್ತಿರ ಓಡಿ ಬಂದಳು. "ಬಣ್ಣ ಅವ್ಳದು, ಮಗು ಅವ್ಳದು. ಈಗ ನನ್ನ ಸಿರ್ಕಾನೂ ಅವ್ಳಿಗೇ ಬೇಕಾ, ಮುನಿತಾಯಮ್ಮಾ?"

"ಹೊಟ್ಟೆಕಿಚ್ಚಿಗೆ ತಣ್ಣೀರು ಹಾಕ್ಕೊಳೇ" ಅಂದೆ.

"ನೋಡ್ತಿರು. ಸಾಹೇಬ್ರು ನಾಲಿಗೆಗಿಟ್ರೆ ಎಗರಿ ಬೀಳ್ಬೇಕು, ಹಂಗೆ ಮಾಡ್ತೀನಿ."

ಮಾಡಿದ್ದೇನು ಗೊತ್ತೇ? ಅವಳ ಜಾಡಿಯೂ ಆಗಲೇ ಘಾಟು ಹೊಡೆಯುತ್ತಿತ್ತು, ಮುಚ್ಚಿ ಮೇಣ ಮೆತ್ತಬೇಕಿತ್ತು. ಮೆತ್ತಲಿಲ್ಲ. ಇಷ್ಟು ದಿನಕ್ಕೆ ಇಷ್ಟು ಹುಳಿಯಾದರೆ ಇನ್ನಷ್ಟು ದಿನಕ್ಕೆ ಇನ್ನೆಷ್ಟು ಎಂದು, ಬರಿಯ ಬಟ್ಟೆ ಕಟ್ಟಿ ಬೆಚ್ಚಗಿನ ಗೋಡೆಗೆ ಒರಗಿಸಿಟ್ಟಳು. ಪೊರೆ ಕದಡೀತೆಂದು ರುಚಿಯನ್ನೂ ನೋಡಲಿಲ್ಲ. ತನ್ನದನ್ನು ಬಿಟ್ಟು ಶಂಶುವಿನ ಮೇಣ ಮೆತ್ತಿದ ಜಾಡಿಯನ್ನೇ ಸುತ್ತಿ ಸುತ್ತಿ ಮೂಸುತ್ತಿದ್ದಳು. ಹುಚ್ಚುಮುಂಡೇದು!

ಬೇಸಿಗೆ ಕಳೆದ ಮೇಲೆ ಸಾಹೇಬರು ಬಂದರು. ಜೊತೆಗೆ ಕಾಲೇಜಿನಲ್ಲಿ ಸೈನ್ಸ್ ಓದಿದ ಅಳಿಯ ಮುನಾವರ್ ಪಾಷಾ. ಗಂಡಸರು ಜಗುಲಿಯಲ್ಲಿ, ಹೆಂಗಸರು ಪರದೆಯ ಒಳಗೆ, ಅವರ ಜೊತೆ ನಾನು. ಸಾಹೇಬರು ಹಮೀದಾಳ ಜಾಡಿಯಿಂದ ಒಂದು ಚಮಚ ಬಾಯಿಗೆ ಹಾಕಿದವರು ಚಮಚ ಕೆಳಗಿಟ್ಟರು.

"ಏನಿದು ಹಮೀದಾ ಬೀ, ಸಪ್ಪೆ ನೀರು!"

"ನೀರು ಸುರಿದಿದ್ದಾಳೆ!" ಹಮೀದಾ ಪರದೆಯೊಳಗೇ ಕಿರುಚಿದಳು. "ಇವ್ಳೇ, ಈ ಶಂಶೂನೇ!"

ಶಂಶುವಿನ ಕಣ್ಣು ತುಂಬಿತು. ಅಷ್ಟರಲ್ಲಿ ಮುನಾವರ್ ಜಾಡಿಯಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ಅಂದ: "ಯಾರೂ ನೀರು ಹಾಕಿಲ್ಲ ಹಮೀದಾ ಖಾಲಾ, ಬಣ್ಣ ತೆಳುವಾಗಿಲ್ಲ. ಇದ್ರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿರ್ತವೆ. ದ್ರಾಕ್ಷಿರಸ ಮೊದ್ಲು ಹೆಂಡ ಆಗುತ್ತಲ್ಲ, ಆ ಹೆಂಡಾನ ಗಾಳಿ ಸೇರಿಸಿ ಹುಳಿ ಮಾಡಿ, ಅದ್ರಿಂದ ಬರೋ ಶಕ್ತೀಲೇ ಅವು ಬದುಕ್ತವೆ. ಹೆಂಡ ಮುಗೀತು, ಜಾಡಿ ಇನ್ನೂ ತೆರೆದೇ ಇದೆ ಅಂದ್ರೆ, ಹೊಟ್ಟೆಪಾಡಿಗೆ ಆ ಹುಳೀನೇ ತಿನ್ನೋಕೆ ಶುರು ಮಾಡ್ತವೆ. ಉಳಿಯೋದು ನೀರು. ಮುಚ್ಚಿದ್ರೆ ಗಾಳಿ ಸಿಗದೆ ಸುಮ್ನಿರ್ತಿದ್ವು."

"ಮುಚ್ಚೋ ಹೊತ್ತು ತಿಳೀದ ಕೈಯಿಂದ ನಾನು ಸಿರ್ಕಾ ಹೆಂಗಮ್ಮಾ ತಗೊಳ್ಳಲಿ?" ಎಂದರು ಸಾಹೇಬರು. "ಯಾರು ತೆರೆದಿಟ್ಟೋರು?"

ಹಮೀದಾಳ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಶಂಶು ಅವಳನ್ನೊಮ್ಮೆ ನೋಡಿದಳು.

"ನಾನೇ ಸಾಹೇಬ್ರೇ. ಭಾಬಿ ಮುಚ್ಚಿದ್ರು. ನೋಡೋಣ ಅಂತ ತೆಗೆದು ಹಂಗೇ ಬಿಟ್ಬಿಟ್ಟೆ."

"ಓಹೋ! ಹಂಗಾದ್ರೆ ಹಮೀದಾ ಬೀ ತಪ್ಪೇನಿಲ್ಲ. ಮುಂದಿನ ವರ್ಷಾನೂ ಅವ್ರದೇ ತಗೊಳ್ತೀನಿ."

ಹಮೀದಾ ಸುಮ್ಮನಿದ್ದಿದ್ದರೆ ಎಲ್ಲ ಉಳಿಯುತ್ತಿತ್ತು. ಸುಮ್ಮನಿರಲಿ ದೇವರೇ ಅಂತ ನಾನೂ ಅಂದುಕೊಂಡೆ. ಆದರೆ ಅತ್ತೆ ಶಂಶುವಿನ ಗಲ್ಲ ಸವರಿ, "ಎಂಥಾ ಸತ್ಯವಂತೆ ನನ್ನ ಸೊಸೆ! ಯಾರು ಒಪ್ಕೋತಾರೆ ಹಿಂಗೆ?" ಅಂದಳು.

ಹಮೀದಾ ನನ್ನ ಕೈ ಕೊಡವಿ ಎದ್ದಳು. ಪರದೆ ಸರಿಸಿ, ಗಂಡಸರೆದುರು, ಜಗುಲಿಗೇ ನುಗ್ಗಿದಳು.

"ಸುಳ್ಳು ಬೊಗಳ್ತಾಳೆ! ಎಲ್ಲಾ ಅವ್ಳಿಗೇ ಆಯ್ತು, ಈಗ ನನ್ನ ತಪ್ಪೂ ಅವ್ಳಿಗೇ ಬೇಕಂತೆ! ಇದು ನಂದು! ಇವ್ಳಿಗಿಂತ ಹುಳಿ ಬರ್ಲಿ ಅಂತ ನಾನೇ ತೆರೆದಿಟ್ಟೆ, ನಾನೇ!"

ಸಾಹೇಬರು ಅವಳ ಜಾಡಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಶಂಶುವಿನ ಜಾಡಿಯನ್ನು ಹತ್ತಿರಕ್ಕೆಳೆದುಕೊಂಡು ಮೇಣ ಕೆತ್ತತೊಡಗಿದರು.