ಅಳಿಸುವ ಮುನ್ನ ಕೇಳುವ ಭಾನುಪ್ರಕಾಶ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಜಂಗಮಕೋಟೆಯ ರಮೇಶ್‌ಬಾಬು ಅವರ ಮನೆಯ ಜಗಲಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಾನಿಟರ್, ಕೆಳಗೆ ಸಿಪಿಯು, ಕಿಟಕಿಯ ಸರಳುಗಳ ನಡುವಿನಿಂದ ಎಳೆದು ತಂದ ವೈರು. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುವ ಭಾನುಪ್ರಕಾಶ್ ಮೊದಲು ಪಕ್ಕದ ತಗಡು ಬಿಚ್ಚುತ್ತಾರೆ, ಬಣ್ಣ ಬಳಿಯುವ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯುತ್ತಾರೆ. ಆಮೇಲೆ ತಮ್ಮ ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತುತ್ತಾರೆ. ಎರಡು ದಿನದಿಂದ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದ್ದ ಯಂತ್ರ ಪೆನ್‌ಡ್ರೈವಿನ ಆಸರೆಯಲ್ಲಿ ಏಳುತ್ತದೆ.

“ಡಿಸ್ಕ್ ಸತ್ತಿಲ್ಲ ಅಣ್ಣ. ವಿಂಡೋಸ್ ಕೆಟ್ಟಿದೆ. ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು.”

“ಹಾಕಪ್ಪ ಬೇಗ. ಒಂಬತ್ತರೊಳಗೆ ನಂಗೆ ಪಟ್ಟಿ ಬೇಕು,” ಎನ್ನುತ್ತಾರೆ ರಮೇಶ್‌ಬಾಬು.

ಅವರ ಆತುರಕ್ಕೆ ಕಾರಣ ಮನೆಯ ಹಿಂದಿನ ಚಾಕಿ ಕೇಂದ್ರದಲ್ಲಿದೆ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಅಲ್ಲಿ ಎಂಟು ಹತ್ತು ದಿನ ಸಾಕಿ ರೈತರಿಗೆ ಕೊಡುತ್ತಾರೆ. ನಿನ್ನೆ ಹುಳುಗಳು ಎರಡನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಈ ಹೊತ್ತನ್ನು ಇಲ್ಲಿ ಜ್ವರ ಎನ್ನುತ್ತಾರೆ. ಹುಳು ಆಗ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ಸಾಗಿಸಲು ಅದೇ ಸಮಯ. ಬಿಸಿಲೇರುವ ಮೊದಲು ಇಪ್ಪತ್ತಮೂರು ರೈತರು ಬಂದು ಒಯ್ಯಬೇಕು. ಯಾರು ಯಾವ ತಳಿ, ಎಷ್ಟು ಮೊಟ್ಟೆಯ ಹುಳು ಕೇಳಿದ್ದರು ಎಂಬುದು ಕಂಪ್ಯೂಟರಿನಲ್ಲಿದೆ. ಒಂದು ಚಿಟ್ಟೆ ಇಟ್ಟ ಇಡೀ ಗುಂಪಿಗೆ ಇಲ್ಲಿ ಒಂದು ಮೊಟ್ಟೆಯ ಲೆಕ್ಕ. ಹಿಂದಿನ ಹನ್ನೊಂದು ವರ್ಷಗಳ ಬ್ಯಾಚುಗಳ ವಿವರವೂ ಅಲ್ಲೇ.

“ಫೋನ್ ಮಾಡಿ ಕೇಳಿದ್ರೆ ಎಲ್ಲರೂ ಬೈವೋಲ್ಟೈನ್ ತಳಿ, ಇನ್ನೂರು ಅಂತಾರೆ. ಹೋದ್ ವರ್ಷ ಒಂದ್ಸಲ ನೆನಪಲ್ಲೇ ಹಂಚಿದೆ. ಇಬ್ಬರು ಈಗ್ಲೂ ನನ್ನ ಕಂಡ್ರೆ ಮುಖ ತಿರುಗಿಸ್ತಾರೆ.”

ಮೂವತ್ತೊಂಬತ್ತರ ಭಾನುಪ್ರಕಾಶ್ ಪೆರೇಸಂದ್ರದವರು. ತಂದೆ ಕೋನಪ್ಪ ಹೆದ್ದಾರಿಯ ಬದಿ ಟೈರಿಗೆ ಪಂಕ್ಚರ್ ಹಾಕುತ್ತಿದ್ದವರು. ಮಗ ಐಟಿಐ ಮುಗಿಸಿ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಆರು ವರ್ಷ ದುಡಿದರು. ಅಲ್ಲಿನ ಕಚೇರಿಯವರು ಒಮ್ಮೆ ನಲವತ್ತು ಹಳೆಯ ಕಂಪ್ಯೂಟರ್‌ಗಳನ್ನು ಅಳಿಸಿ ಹೊಸದು ಮಾಡಲು ಹೇಳಿದಾಗ ನಾನು ಮಾಡುತ್ತೇನೆ ಎಂದು ಕೈ ಎತ್ತಿದವರು ಇವರೊಬ್ಬರೇ. “ಗೊತ್ತಿರ್ಲಿಲ್ಲ. ಮೊದಲನೇದನ್ನ ಮೂರು ಸಲ ಕೆಡಿಸ್ದೆ. ನಲವತ್ತನೇದು ಮುಗಿಯೋ ಹೊತ್ತಿಗೆ ಕಣ್ಮುಚ್ಚಿ ಮಾಡೋ ಹಂಗಾಗಿತ್ತು,” ಎನ್ನುತ್ತಾರೆ. ಗುತ್ತಿಗೆ ಮುಗಿದ ಮೇಲೆ ಅದೇ ಹೊಟ್ಟೆಪಾಡಾಯಿತು. ಹದಿಮೂರು ವರ್ಷ ಕಳೆದಿದೆ.

ಅಂಗಡಿಯಿಲ್ಲ. ಮೊಪೆಡ್ಡಿನ ಮುಂದೆ ಒಂದು ಯುಪಿಎಸ್, ಬೆನ್ನಿಗೊಂದು ಚೀಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಎಲ್ಲಿಂದ ಕರೆದರೂ ಬೆಳಗಿನ ಜಾವ ಹೊರಡುತ್ತಾರೆ. ಹಳ್ಳಿಗಳಲ್ಲಿ ಹತ್ತರವರೆಗೆ ಕರೆಂಟು ಅಷ್ಟಾಗಿ ಕಣ್ಣುಮುಚ್ಚಾಲೆ ಆಡುವುದಿಲ್ಲ. ಅರ್ಧ ಇನ್‌ಸ್ಟಾಲ್ ಆದಾಗ ಹೋದರೆ ಮತ್ತೆ ಮೊದಲಿನಿಂದ. ಹಳೆಯ ಡಿಸ್ಕಾದರೆ ಎರಡು ಗಂಟೆ, ಹೊಸದಾದರೆ ಮುಕ್ಕಾಲು. ಮೊದಲೆಲ್ಲ ವಾರಕ್ಕೆ ಹದಿನೈದು ಮನೆ ಆಗುತ್ತಿತ್ತು, ಈಗ ಆರೋ ಏಳೋ. “ಎಲ್ಲರ ಕೈಯಲ್ಲೂ ಫೋನಿದೆ. ಮನೇಲಿ ಕಂಪ್ಯೂಟರ್ ಇಟ್ಕೊಂಡಿರೋರು ಅಂದ್ರೆ ಅದ್ರಲ್ಲಿ ಬಿಡಕ್ಕಾಗ್ದಿರೋದು ಏನೋ ಇದೆ ಅಂತ.”

ಹಾಗಾಗಿ ಅಳಿಸುವ ಮುನ್ನ ಅವರು ಮನೆಮಂದಿಯನ್ನೆಲ್ಲ ಕರೆದು ಕೇಳುತ್ತಾರೆ. ಒಬ್ಬರು ಹೇಳಿದರೆ ಸಾಲದು. ಏನೇನು ಉಳಿಯಬೇಕು, ಯಾರ ಫೋಟೊ, ಯಾವ ಪತ್ರ, ಎಲ್ಲವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಓದುತ್ತಾರೆ. ಒಂದೊಂದನ್ನೂ ತಮ್ಮ ಡಿಸ್ಕಿಗೆ ನಕಲು ಮಾಡಿ, ತೆರೆದು ತೋರಿಸಿ, ಗುರುತು ಹಾಕುತ್ತಾರೆ. ಅದಾದ ಮೇಲಷ್ಟೇ ಡಿಲೀಟ್.

ಈ ಪಾಠ ಕಲಿಸಿದ್ದು ಗೌರಿಬಿದನೂರಿನ ನಿವೃತ್ತ ಟೈಪಿಸ್ಟ್ ನರಸಿಂಹಮೂರ್ತಿ ಅವರ ಮನೆ. ಅವರ ಕಡತಗಳನ್ನೆಲ್ಲ ಉಳಿಸಿದ್ದ ಭಾನುಪ್ರಕಾಶ್, ಅವರು ಬಳಸುತ್ತಿದ್ದ ಹಳೆಯ ಕನ್ನಡ ಫಾಂಟನ್ನು ಮಾತ್ರ ಅಳಿಸಿಬಿಟ್ಟಿದ್ದರು. ತೆರೆದರೆ ಪುಟದ ತುಂಬ ಗೀಟು, ಚುಕ್ಕೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. “ಇದ್ಯಾವ ದೇಶದ ಅರ್ಜಿನಪ್ಪ ನಾನು ಬರ್ದಿರೋದು ಅಂದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.” ಮೂರು ದಿನ ಅಲೆದು ಚಿಂತಾಮಣಿಯ ಮುದ್ರಣಾಲಯವೊಂದರ ಮೂಲೆಗೆ ಬಿದ್ದಿದ್ದ ಕಂಪ್ಯೂಟರಿನಲ್ಲಿ ಆ ಫಾಂಟ್ ಹುಡುಕಿದರು. ಅಂದಿನಿಂದ ನೋಟ್‌ಬುಕ್ಕಿನ ಮೊದಲ ಸಾಲು: ಅಕ್ಷರ.

ಕೆಲವು ಮನೆಗಳಲ್ಲಿ ಭಾನುಪ್ರಕಾಶ್ ಬರುವಷ್ಟರಲ್ಲಿ ಕಂಪ್ಯೂಟರ್ ಜಗಲಿಗೆ ಬಂದಿರುತ್ತದೆ. ಪೆರೇಸಂದ್ರದಲ್ಲಿ ಯಾವ ಕೇರಿ, ಯಾರ ಮಗ ಎಂದು ಫೋನಿನಲ್ಲೇ ಕೇಳಿದವರ ಮನೆಗಳು ಅವು. ಗಾಳಿ ಬರುತ್ತದೆ, ಬೆಳಕಿರುತ್ತದೆ ಎಂದು ಕಾರಣ ಹೇಳುತ್ತಾರೆ. ಕಾರಣ ಯಾರೂ ಕೇಳಿರುವುದಿಲ್ಲ. ಭಾನುಪ್ರಕಾಶ್ ಚೀಲ ಇಳಿಸಿ ಅಲ್ಲೇ ಕೂರುತ್ತಾರೆ, ಹೊಸ್ತಿಲು ದಾಟುವುದಿಲ್ಲ.

ಇಲ್ಲಿ ಜಗಲಿಯಲ್ಲಿ ನೋಟ್‌ಬುಕ್ ತೆರೆದಿದೆ. ರಮೇಶ್‌ಬಾಬು ಅವರ ಮಗಳು ಯಾಮಿನಿ ತನ್ನ ಅಂಕಪಟ್ಟಿಗಳ ಸ್ಕ್ಯಾನ್ ಬರೆಸುತ್ತಾಳೆ. ಮದುವೆ ಫೋಟೊ, ಜಮೀನಿನ ಪತ್ರ. ಎಲ್ಲ ಸಿಗುತ್ತವೆ. ಉಳಿದಿರುವುದು ಚಾಕಿ ಪಟ್ಟಿ. ಭಾನುಪ್ರಕಾಶ್ ಪರದೆಯಲ್ಲಿರುವ ಅದರ ಐಕಾನಿನ ಮೇಲೆ ಎರಡು ಸಲ ಒತ್ತುತ್ತಾರೆ. ತೆರೆಯುವುದಿಲ್ಲ. ಇಡೀ ಡಿಸ್ಕನ್ನು ಜಾಲಾಡುತ್ತಾರೆ. ಇಲ್ಲ.

“ಅಣ್ಣ, ಇದು ಬರೀ ಬೋರ್ಡು. ಅಂಗಡಿ ಇಲ್ಲಿಲ್ಲ.”

“ಹಂಗಂದ್ರೆ? ದಿನಾ ಅದನ್ನೇ ಒತ್ತೋದು ನಾನು. ಅದ್ರೊಳಗೇ ಇದೆ.”

“ದಾರಿ ತೋರಿಸ್ತಿದೆ ಅಷ್ಟೆ. ಪಟ್ಟಿ ಬೇರೆ ಕಡೆ ಇದೆ. ಇದನ್ನ ಯಾರು ಹಾಕ್ಕೊಟ್ಟಿದ್ದು?”

“ನಮ್ಮ ಮೋಹನ್‌ಬಾಬು, ನನ್ನ ತಮ್ಮ. ಫೋನ್ ತೆಗೀತಿಲ್ಲ ಅವನು.” ರಮೇಶ್‌ಬಾಬು ಗಡಿಯಾರ ನೋಡುತ್ತಾರೆ. ಆರೂವರೆ ದಾಟಿದೆ. “ಹೊಸದು ಹಾಕ್ಬಿಡಪ್ಪ, ಆಮೇಲೆ ತಾನೇ ಬರುತ್ತೆ.”

“ಬರಲ್ಲ ಅಣ್ಣ. ಇದ್ರಲ್ಲೇ ಎಲ್ಲಾದ್ರೂ ಕಣ್ಣಿಗೆ ಬೀಳ್ದಂಗೆ ಅಡಗಿದ್ರೆ, ನಾನು ಅಳಿಸಿದ ಮೇಲೆ ಹನ್ನೊಂದು ವರ್ಷನೂ ಹೋಯ್ತು. ನಾನು ಒತ್ತಲ್ಲ.”

“ಒತ್ತಲ್ಲ ಅಂದ್ರೆ ಕರೆಸಿದ್ದು ಯಾಕೆ? ಹುಳ ನಿಂಗೋಸ್ಕರ ಕಾಯ್ತಾವಾ?”

ಭಾನುಪ್ರಕಾಶ್ ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ: “ಇದು ಒಳಗೆ ಎಲ್ಲಿತ್ತು? ಆ ಜಾಗ ನಾನು ನೋಡ್ಬೇಕು.”

ಯಾಮಿನಿ ಅಪ್ಪನನ್ನು ನೋಡುತ್ತಾಳೆ. ರಮೇಶ್‌ಬಾಬು ಕಿಟಕಿಯಿಂದ ಬಂದಿರುವ ವೈರನ್ನು ನೋಡುತ್ತಾರೆ. “ಅಲ್ಲೇನಿದೆ, ಬರೀ ಮೇಜು. ಯಾಮಿನಿ, ನೀನೇ ಹೋಗಿ ನೋಡಮ್ಮ, ಏನಾದ್ರೂ ಬಿದ್ದಿದ್ಯಾ.” ಯಾಮಿನಿ ಹೋಗಿ ಬರುತ್ತಾಳೆ. ಏನೂ ಇಲ್ಲ. ಏನನ್ನು ಹುಡುಕಬೇಕೆಂದು ಅವಳಿಗೆ ಗೊತ್ತಿಲ್ಲ.

ಹೊಸ್ತಿಲ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದ ರಮೇಶ್‌ಬಾಬು ಅವರ ತಾಯಿ ಅಕ್ಕಯ್ಯಮ್ಮ ಮೊರವನ್ನು ಪಕ್ಕಕ್ಕೆ ಸರಿಸುತ್ತಾರೆ. “ಏಮ್ರಾ ರಮೇಶ, ಹುಳದ್ ಜ್ವರ ಬಿಡೋವರ್ಗೂ ಹಿಂಗೇ ನಿಂತಿರ್ತೀಯಾ? ಡಾಕ್ಟ್ರನ್ನ ಬಾಗಿಲಲ್ಲಿ ನಿಲ್ಸಿ ಕಾಯಿಲೆ ತೋರಿಸ್ತಾರೇನೋ? ಬಾರಪ್ಪ ನೀನು. ಆ ರೂಮು.”

ಭಾನುಪ್ರಕಾಶ್ ಕಾಲು ತೊಳೆದು ಒಳಗೆ ಹೋಗುತ್ತಾರೆ. ಹದಿಮೂರು ವರ್ಷದಲ್ಲಿ ಹೀಗೆ ಒಳಗೆ ಬರಲು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು ಎಂದು ಆಮೇಲೆ ಹೇಳುತ್ತಾರೆ.

ಹುಡುಕಲು ಎರಡು ನಿಮಿಷವೂ ಬೇಕಾಗುವುದಿಲ್ಲ. ಮೇಜು ಮತ್ತು ಗೋಡೆಯ ಸಂದಿಯಲ್ಲಿ ಒಂದು ಗಿಡ್ಡ ವೈರು ನೇತಾಡುತ್ತಿದೆ. ಅದರ ತುದಿಗೆ, ಮೇಜಿನ ಹಿಂಬದಿಗೆ ಟೇಪು ಸುತ್ತಿ ಅಂಟಿಸಿರುವ ಇಸ್ಪೀಟು ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಹೊರಗಿನಿಂದ ಜೋಡಿಸುವ ಡಿಸ್ಕ್ ಅದು. ಬಿದ್ದು ಒಡೆಯದಿರಲೆಂದು ಮೋಹನ್‌ಬಾಬು ಅಲ್ಲಿ ಅಂಟಿಸಿದ್ದಿರಬೇಕು. ನಿನ್ನೆ ಸಂಜೆ ಸಿಪಿಯುವನ್ನು ಜಗಲಿಗೆ ಹೊತ್ತು ತರುವಾಗ ವೈರು ಕಿತ್ತುಬಂದಿದೆ.

“ಇದು ಇಲ್ಲಿತ್ತು ಅಂತ ನಂಗೊತ್ತೇ ಇಲ್ಲ ಕಣಪ್ಪ,” ಎನ್ನುತ್ತಾರೆ ರಮೇಶ್‌ಬಾಬು. ಮುಖ ಗೋಡೆಯ ಕಡೆಗಿದೆ.

“ಮುಂಡೇದೆ, ಅದನ್ನ ಮತ್ತೆ ಇಲ್ಲಿಗೇ ತಂದಿಡು. ಇನ್ನೇನೇನು ಕಿತ್ತಿದ್ದೀಯೋ,” ಎಂದು ಅಕ್ಕಯ್ಯಮ್ಮ ಮಗನನ್ನು ಗದರುತ್ತಾರೆ. ರಮೇಶ್‌ಬಾಬು ಸಿಪಿಯುವನ್ನು ಮಗುವಿನಂತೆ ತಬ್ಬಿಕೊಂಡು ಒಳಗೆ ತರುತ್ತಾರೆ. ಯಾಮಿನಿ ಮಾನಿಟರ್ ಹಿಡಿದು ಹಿಂದೆಯೇ ಬರುತ್ತಾಳೆ.

ಏಳಕ್ಕೆ ಐದು ನಿಮಿಷವಿರುವಾಗ ಪರದೆಯ ಮೇಲೆ ಪಟ್ಟಿ ತೆರೆಯುತ್ತದೆ. ಇಪ್ಪತ್ತಮೂರು ಹೆಸರುಗಳು. ಪ್ರಿಂಟರ್ ಇನ್ನೂ ಕೆಲಸ ಮಾಡದಿರುವುದರಿಂದ ಯಾಮಿನಿ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಾಳೆ. ಎರ್ರಪ್ಪ ಎಂಬ ಮೊದಲ ರೈತರು ಆಗಲೇ ಆಟೊ ತಂದು ನಿಲ್ಲಿಸಿದ್ದಾರೆ. “ನಂದು ಇನ್ನೂರಲ್ವಾ?” ಎಂಬ ಅವರ ದನಿ ಹಿತ್ತಲಿನಿಂದ ಕೇಳುತ್ತದೆ. “ನೂರೈವತ್ತು ಕಣಣ್ಣ, ಇಲ್ಲಿ ಬರ್ದಿದೆ ನೋಡು!” ಎಂಬ ರಮೇಶ್‌ಬಾಬು ಅವರ ದನಿಯಲ್ಲಿ ಬೆಳಗಿನಿಂದ ಇಲ್ಲದಿದ್ದ ಬಿರುಸಿದೆ.

ಒಳಗೆ ನೋಟ್‌ಬುಕ್ಕಿನ ಕೊನೆಯ ಸಾಲಿಗೂ ಗುರುತು ಬೀಳುತ್ತದೆ. ಪಟ್ಟಿಯನ್ನು ನಕಲು ಮಾಡಿಕೊಂಡ ಭಾನುಪ್ರಕಾಶ್ ಆ ಕಪ್ಪು ಡಿಸ್ಕಿನ ವೈರನ್ನು ಈಗ ತಾವೇ ಕಿತ್ತಿಡುತ್ತಾರೆ. ಅಳಿಸುವಾಗ ಕೈತಪ್ಪಿ ಅದೂ ಅಳಿಯಬಾರದು. ಆಮೇಲೆ ಯಂತ್ರದ ಡಿಸ್ಕಿನಲ್ಲಿರುವ ಭಾಗಗಳನ್ನು ಒಂದೊಂದಾಗಿ ಡಿಲೀಟ್ ಮಾಡುತ್ತಾ ಹೋಗುತ್ತಾರೆ, ಪರದೆಯ ಮೇಲೆ ಖಾಲಿ ಜಾಗ ಎಂಬ ಒಂದೇ ಸಾಲು ಉಳಿಯುವವರೆಗೆ. ‘ಮುಂದೆ’ ಒತ್ತಿ ಕೈ ಕಟ್ಟಿ ಕೂರುತ್ತಾರೆ. ಯಂತ್ರ ಮೂರು ಬಾರಿ ಮಲಗಿ ಏಳುತ್ತದೆ. ಪ್ರಿಂಟರ್, ಧ್ವನಿ, ಕನ್ನಡದ ಕೀಲಿಮಣೆ, ಫಾಂಟ್. ಕಪ್ಪು ಡಿಸ್ಕನ್ನು ಮತ್ತೆ ಜೋಡಿಸಿ ಯಾಮಿನಿಗೆ ತೋರಿಸಿ ಹೇಳುತ್ತಾರೆ: “ಇದು ಎಲ್ಲಿದೆ ಅಂತ ನಿಮ್ಮಪ್ಪಂಗೆ ಒಂದ್ಸಲ ಬಗ್ಗಿಸಿ ತೋರ್ಸಮ್ಮ.”

ಅಕ್ಕಯ್ಯಮ್ಮ ಮೇಜಿನ ಮೇಲೆ ತಿಂಡಿ ತಟ್ಟೆ ಇಡುತ್ತಾರೆ. ಉಪ್ಪಿಟ್ಟು. ಭಾನುಪ್ರಕಾಶ್ ತಿನ್ನುತ್ತಾರೆ, ತಟ್ಟೆ ತೊಳೆಯಲು ಏಳುತ್ತಾರೆ. “ಇರ್ಲಿ ಬಿಡಪ್ಪ,” ಎಂದಷ್ಟೇ ಅಕ್ಕಯ್ಯಮ್ಮ ಹೇಳುತ್ತಾರೆ.

ಮುಂದಿನ ಮನೆ ಶಿಡ್ಲಘಟ್ಟದ ಶೋಭಾರಾಣಿಯವರದು. ಮೊಪೆಡ್ಡಿಗೆ ಚೀಲ ಕಟ್ಟುತ್ತಿರುವಾಗ ಅವರದೇ ಫೋನು ಬರುತ್ತದೆ. ನೀವು ಬರುವಷ್ಟರಲ್ಲಿ ಕಂಪ್ಯೂಟರನ್ನು ಹೊರಗೆ ತಂದಿಡಿಸಲೇ ಎಂದು ಕೇಳುತ್ತಾರೆ.

“ಬೇಡಮ್ಮ. ಯಾರೂ ಮುಟ್ಬೇಡಿ, ಇದ್ದಲ್ಲೇ ಇರ್ಲಿ,” ಎನ್ನುತ್ತಾರೆ ಭಾನುಪ್ರಕಾಶ್. ಸ್ವಲ್ಪ ತಡೆದು, “ನಾನೇ ಒಳಗೆ ಬಂದು ನೋಡ್ತೀನಿ,” ಎನ್ನುತ್ತಾರೆ.

ಆ ಕಡೆಯಿಂದ ಮಾತಿಲ್ಲ. ಭಾನುಪ್ರಕಾಶ್ ಫೋನನ್ನು ಕಿವಿಯಿಂದ ತೆಗೆಯುವುದೂ ಇಲ್ಲ, ಇನ್ನೊಂದು ಮಾತು ಸೇರಿಸುವುದೂ ಇಲ್ಲ. ಕಾಯುತ್ತಾರೆ. “ಆಯ್ತು, ಬನ್ನಿ” ಎಂದು ಕೇಳಿಸಿದ ಮೇಲೆ ಮೊಪೆಡ್ಡಿನ ಸ್ಟ್ಯಾಂಡ್ ತೆಗೆಯುತ್ತಾರೆ.